ಹದಿನೇಳು ಪೊಟ್ಟಣ

ರುಕ್ಮಣಿ ಮದುವೆಯಾಗಿ ಬಂದಾಗಿನಿಂದ ಒಂದು ಗೇಣು ನೂಲನ್ನೂ ಬಿಸಾಡಿದವಳಲ್ಲ. ಮಗ್ಗದಲ್ಲಿ ತಪ್ಪು ಬಿದ್ದು ಬಿಚ್ಚಿದ ನೂಲಾದರೂ ಸರಿ, ಅದನ್ನು ಬೆರಳಿಗೆ ಸುತ್ತಿ, ಗೋಡೆಯ ದಿನದ ಕ್ಯಾಲೆಂಡರಿನಿಂದ ಅವತ್ತಿನ ಹಾಳೆ ಕಿತ್ತು, ಅದರೊಳಗೆ ಮಡಚಿ ಇಡಬೇಕು. ದೀಪದ ಬತ್ತಿಗಾಯಿತು, ಹೂ ಕಟ್ಟುವುದಕ್ಕಾಯಿತು. ಅತ್ತೆ ಕಲಿಸಿದ ಅಭ್ಯಾಸ. ಅತ್ತೆಗೆ ಅವಳ ಅತ್ತೆ ಕಲಿಸಿದ್ದು. ಉಡುಮಲೈಪೇಟೆಯ ಆಚೆ ಇರುವ ಆ ನೇಕಾರರ ಬೀದಿಯ ಹೆಂಗಸರೆಲ್ಲ ಹೀಗೇ. ಮನೆಯೊಳಗೆ ಅವರ ಮಾತು ಮರ್ಯಾದೆಗೊಂದು ತಮಿಳಿನ 'ಉಂಗ' ಸೇರಿಸಿದ ಕನ್ನಡ, ಹೊಸಿಲು ದಾಟಿದರೆ ತಮಿಳು. ರುಕ್ಮಣಿಯಂತೂ ಮಗಳಿಗೆ ತಮಿಳ್‌ಸೆಲ್ವಿ ಎಂದು ಹೆಸರಿಟ್ಟು ಕನ್ನಡದಲ್ಲಿ ಬೈದು ಬೆಳೆಸಿದವಳು. ಆ ಮಗಳು ಈಗ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆಯ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ. ಊರಿಗೆ ಬಂದಾಗಲೆಲ್ಲ ಅಮ್ಮನ ಪೊಟ್ಟಣಗಳನ್ನು ನೋಡಿ ನಗುತ್ತಾಳೆ.

ಆದರೆ ಆ ಬುಧವಾರ ಕೋಯಮತ್ತೂರಿನ ಬಸ್ಸಿನಲ್ಲಿ ರುಕ್ಮಣಿಯ ಮಡಿಲಲ್ಲಿದ್ದ ಹಳದಿ ಚೀಲದೊಳಗಿನ ಹದಿನೇಳು ಪೊಟ್ಟಣಗಳ ವಿಷಯ ಮಗಳಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದ ಗಂಡ ಸುಬ್ಬಯ್ಯನ್‌ಗಂತೂ ಗೊತ್ತೇ ಇರಲಿಲ್ಲ. ಮನೆಯಲ್ಲಿ ಬಿಟ್ಟರೆ ಯಾರ ಕೈಗಾದರೂ ಸಿಕ್ಕೀತೆಂದು ಹೊತ್ತುಕೊಂಡೇ ಬಂದಿದ್ದಳು. ಬಸ್ಸು ಕುರಿಚಿ ದಾಟುವಾಗ ಎರಕದ ಶೆಡ್ಡುಗಳ ಸುಟ್ಟ ಮಣ್ಣಿನ ವಾಸನೆ ಬಂತು. ಇನ್ನೇನು ಆಸ್ಪತ್ರೆ ಬಂದೇ ಬಿಟ್ಟಿತು ಎಂದು ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಇದೆಲ್ಲ ಶುರುವಾದದ್ದು ದೀಪಾವಳಿಯ ಹೊತ್ತಿಗೆ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಳಿಯಿಂದ ಎದ್ದ ಸುಬ್ಬಯ್ಯನ್ ಮೇಲೆ ಸೀರೆಗೆ ಚಿತ್ತಾರ ಎತ್ತುವ ಜಕಾರ್ಡ್ ಯಂತ್ರದ ಅಡ್ಡಮರಕ್ಕೆ ತಲೆ ಬಡಿಸಿಕೊಂಡ. ನಲವತ್ತು ವರ್ಷದಲ್ಲಿ ಆ ಮರಕ್ಕೆ ಎಷ್ಟು ಸಲ ತಲೆ ಕೊಟ್ಟಿದ್ದಾನೋ ಲೆಕ್ಕವಿಲ್ಲ, ಉಜ್ಜಿಕೊಂಡು ಸುಮ್ಮನಾದ. ಆದರೆ ಅರವತ್ತಾರರ ತಲೆ ಇಪ್ಪತ್ತಾರರ ತಲೆಯಲ್ಲ. ತಿಂಗಳು ಕಳೆಯುವುದರೊಳಗೆ ತಲೆನೋವು ಹತ್ತಿತು, ಎಡಗಾಲು ಎಳೆಯತೊಡಗಿತು. ಕುಡಿತದ ವಾಸನೆಯನ್ನೇ ಸಹಿಸದ ಮನುಷ್ಯ ಹಾಡುಹಗಲೇ ಕುಡಿದು ತೂರಾಡುತ್ತಿದ್ದಾನೆ ಎಂದು ಬೀದಿಯವರು ಮಾತಾಡಿಕೊಂಡರು. ಬೀದಿಯವರ ಬಾಯಿಗೆ ಕೆಲಸ ಕೊಟ್ಟ ಮೇಲೆ ಕೇಳಬೇಕೆ. ಕೊನೆಗೆ ತಮಿಳ್‌ಸೆಲ್ವಿ ಬಂದು ಅಪ್ಪನನ್ನು ಕೋಯಮತ್ತೂರಿಗೆ ಕರೆದುಕೊಂಡು ಹೋದಳು. ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ಒಸರಿ ನಿಂತಿದೆ ಎಂದರು. ಬಲಗಡೆ ಎರಡು ತೂತು ಕೊರೆದು ತೆಗೆದರು.

ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಿದ ಕೆಲಸ ಅದು, ಸುಬ್ಬಯ್ಯನ್‌ಗೆ ಎಚ್ಚರವಿತ್ತು. ಬೈರಿಗೆಯ ಸದ್ದು ಕೇಳಿಸಿತ್ತು. ನೋವಿರಲಿಲ್ಲ, ಸದ್ದು ಮಾತ್ರ. ಊರಿಗೆ ಬಂದ ಮೇಲೆ ಪಕ್ಕದಲ್ಲಿ ಯಾರಾದರೂ ಗೋಡೆಗೆ ಮೊಳೆ ಹೊಡೆದರೂ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಒಂದು ದಿನ ರುಕ್ಮಣಿಯ ಕೈಯನ್ನು ಮಗ್ಗದ ಮೇಲೆ ಇಡಿಸಿದ.

"ಇನ್ನೊಂದ್ ಸಾರಿ ನನ್ನ ತಲೆ ತೆಗೆಯೋಕೆ ಬಿಡಲ್ಲಾಂತ ಹೇಳು."

"ಏನುಂಗ ಇದು ಚಿಕ್ಕ್ ಮಕ್ಕಳ ತರ."

"ಹೇಳು ರುಕ್ಕು."

ಹೇಳಿದಳು. ಆ ಬೀದಿಯಲ್ಲಿ ದೇವರ ಮೇಲೆ ಇಟ್ಟ ಆಣೆಯನ್ನಾದರೂ ದೇವರಿಗೆ ತಪ್ಪುಕಾಣಿಕೆ ಹಾಕಿ ಕಳಚಿಕೊಳ್ಳಬಹುದು. ಮಗ್ಗದ ಮೇಲೆ ಕೈ ಇಟ್ಟು ಹೇಳಿದ ಮಾತನ್ನು ಹಾಗೆ ಕಳಚಿಕೊಂಡವರನ್ನು ಅವಳು ಕಂಡಿರಲಿಲ್ಲ.

ತಮಿಳರ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಸುಬ್ಬಯ್ಯನ್ ಮತ್ತೆ ಮಗ್ಗಕ್ಕೆ ಕುಳಿತ. ಬಲಗೈಯಲ್ಲಿ ಹಗ್ಗ ಎಳೆದರೆ ಲಾಳಿ ಓಡುತ್ತದೆ. ಎಡಗೈಯಲ್ಲಿ ಹಲಗೆ ಎಳೆದು ಹೊಕ್ಕಿನ ನೂಲನ್ನು ಬಡಿದು ಕೂರಿಸಬೇಕು. ಆ ಏಟು ಹದವಾಗಿ ಬಿದ್ದರೆ ಇಂಚಿಗೆ ಐವತ್ತಾರು ಎಳೆ. ಸುಬ್ಬಯ್ಯನ್ ಬಟ್ಟೆ ಎಂದರೆ ಐವತ್ತಾರು. ಐವತ್ತೈದು ಎಂದು ಯಾರಾದರೂ ಹೇಳಿದರೆ ಜಗಳ. ದಿನವೂ ಬೆಳಿಗ್ಗೆ ಒಂದು ಗೇಣು ನೇಯ್ದು, ಉಂಡು, ಮಲಗುವನು.

ಮರುತಿಂಗಳು ಪಂಗುನಿಯ ಮೊದಲ ವಾರ ಅವನು ಮಲಗಿದ್ದಾಗ ರುಕ್ಮಣಿ ಮಗ್ಗದ ಧೂಳು ಒರೆಸುತ್ತಾ ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ತುದಿಯ ಅರ್ಧ ಇಂಚಿನಲ್ಲಿ ಕೈಗೆ ಸಡಿಲು ತಾಗಿತು. ಪಿಕ್ ಗ್ಲಾಸ್ ಎಂದು ಅವರು ಕರೆಯುವ, ಎಳೆ ಎಣಿಸುವ ಮಡಚು ಗಾಜನ್ನು ಇಟ್ಟು ನೋಡಿದಳು. ಐವತ್ತೊಂದರ ಲೆಕ್ಕಕ್ಕೆ ಬಿದ್ದಿತ್ತು. ಎಡಗೈ ಸುಸ್ತಾಗಿದೆ ಎಂದುಕೊಂಡಳು. ಎಬ್ಬಿಸಿ ಹೇಳಬಹುದಿತ್ತು. ಹೇಳಿದರೆ ಅವನು ಕುಸಿದುಹೋಗುತ್ತಾನೆ. ಕುಸಿಯದಿದ್ದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಬೈರಿಗೆ, ಬೈರಿಗೆ ಎಂದರೆ ತನ್ನ ಆಣೆ. ಆ ಕ್ಷಣಕ್ಕೆ ಅವಳಿಗೆ ತೋಚಿದ್ದು ಒಂದೇ. ಜಕಾರ್ಡಿನ ಅಟ್ಟೆಗಳನ್ನು, ಆ ತೂತು ಹೊಡೆದ ರಟ್ಟುಗಳನ್ನು, ಹಿಂದಕ್ಕೆ ತಿರುಗಿಸಿ, ಆ ಅರ್ಧ ಇಂಚನ್ನು ಬಿಚ್ಚಿ, ತಾನೇ ಗುಳಿಗಿಳಿದು ಕುಳಿತು ಐವತ್ತಾರಕ್ಕೆ ನೇಯ್ದಳು. ಬೀದಿ ತುಂಬ ಮಗ್ಗಗಳ ಸದ್ದು. ಅದರಲ್ಲಿ ಒಂದು ಹೆಚ್ಚಾದರೆ ಯಾರಿಗೆ ತಿಳಿಯಬೇಕು. ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿ, ಅವತ್ತಿನ ಹಾಳೆ ಕಿತ್ತು, ಪೊಟ್ಟಣ ಕಟ್ಟಿದಳು. ಎದ್ದ ಸುಬ್ಬಯ್ಯನ್ ಬಟ್ಟೆ ಸವರಿ, "ಕೈ ಸರಿಯಾಗೇ ಇದೆ" ಎಂದ. ಆ ಮುಖದ ಸಂತೋಷ ನೋಡಿ ಅವಳಿಗೆ ತಾನು ಮಾಡಿದ್ದು ಪುಣ್ಯದ ಕೆಲಸವೆಂದೇ ಅನ್ನಿಸಿತು.

ಮರುದಿನ ಮುಕ್ಕಾಲು ಇಂಚು. ವಾರದ ಮೇಲೆ ಎರಡು. ಅವನ ಮಧ್ಯಾಹ್ನದ ನಿದ್ದೆಯೂ ಉದ್ದವಾಗುತ್ತಾ ಹೋಯಿತು. ಅರ್ಧ ಗಂಟೆ ಮಲಗುವವನು ಎರಡು ಗಂಟೆ ಮಲಗತೊಡಗಿದ. ಮಗ್ಗದ ಪಕ್ಕದಲ್ಲೇ ಮಲಗಿ, ಮಗ್ಗದ ಸದ್ದಿಗೆ ಏಳದ ನೇಕಾರ ಎಲ್ಲಾದರೂ ಉಂಟೇ. ಹೆದರಬೇಕಾದ ಹೆಂಗಸು, ಸದ್ಯ ಎದ್ದಿಲ್ಲವಲ್ಲ, ಬೇಗ ಮುಗಿಸೋಣ ಎಂದು ಲಾಳಿ ಓಡಿಸಿದಳು. ಪೆದ್ದಿ ಎನ್ನದೆ ಏನೆನ್ನಬೇಕು. ಆದರೆ ಅವಳ ಜಾಗದಲ್ಲಿ ಕುಳಿತು ನೋಡಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಅವಳ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. ಕೊನೆಯ ನಾಲ್ಕು ದಿನ ಗೇಣಿಗೆ ಗೇಣೇ ಬಿಚ್ಚಬೇಕಾಯಿತು. ಬುಧವಾರ ಆಸ್ಪತ್ರೆಗೆ ತೋರಿಸಲು ಬರಬೇಕೆಂದು ಮೊದಲೇ ಹೇಳಿದ್ದರು. ಅದಕ್ಕೆ ಈ ಬಸ್ಸು.

ತಮಿಳ್‌ಸೆಲ್ವಿ ತಿರುಪ್ಪೂರಿನಿಂದ ನೇರ ಆಸ್ಪತ್ರೆಗೆ ಬಂದಿದ್ದಳು. ಸ್ಕ್ಯಾನ್ ಆಯಿತು. ಡಾಕ್ಟರ್ ತೆನ್ಮೊಳಿ, ಮೊದಲು ತೂತು ಕೊರೆದವರೂ ಇವರೇ, ಪರದೆಯ ಮೇಲೆ ಬೂದು ಬಣ್ಣದ ಚಿತ್ರ ತೋರಿಸಿದರು. ಬಲಗಡೆ ಮತ್ತೆ ಒಂದು ಪದರ ತುಂಬಿತ್ತು. ಅವರು ಹೇಳಿದ್ದೆಲ್ಲ ತಮಿಳಿನಲ್ಲಿ. ರುಕ್ಮಣಿಯ ಮನಸ್ಸಿನೊಳಗೆ ಅದು ಕನ್ನಡವಾಗಿ ಇಳಿಯಿತು.

"ಹಳೇ ರಕ್ತದ ಸುತ್ತ ಒಂದು ತೆಳು ಪೊರೆ ಬೆಳೆಯುತ್ತೆ ಅಮ್ಮಾ. ಆ ಪೊರೆಗೆ ಒಂದು ನಾಳದಿಂದ ರಕ್ತ ಬರುತ್ತೆ. ಅದರಿಂದ ಒಸರ್ತಾ ಒಸರ್ತಾ ಮತ್ತೆ ತುಂಬಿದೆ. ಕೆಲವರಿಗೆ ಹೀಗಾಗುತ್ತೆ."

"ಮತ್ತೆ ತೂತಾ?" ಎಂದ ಸುಬ್ಬಯ್ಯನ್.

"ಅದೊಂದು ದಾರಿ. ತೂತು ಕೊರೆದ್ರೆ ರಕ್ತ ಇವತ್ತೇ ಹೊರಗೆ ಬರುತ್ತೆ, ಮೆದುಳಿನ ಮೇಲಿನ ಭಾರ ಇವತ್ತೇ ಇಳಿಯುತ್ತೆ. ಆದರೆ ಒಸರೋ ನಾಳ ಹಾಗೇ ಇರುತ್ತೆ. ಇನ್ನೊಂದು ದಾರಿಯಲ್ಲಿ ತಲೆ ಮುಟ್ಟೋದಿಲ್ಲ. ತೊಡೆಯ ಸಂದಿನ ರಕ್ತನಾಳದಲ್ಲಿ ನೂಲಿನಷ್ಟು ಸಣ್ಣ ನಳಿಕೆ ತೂರಿಸಿ, ಮೇಲಿನವರೆಗೂ ಒಯ್ದು, ಆ ನಾಳವನ್ನೇ ಒಳಗಿಂದ ಮುಚ್ಚಿಬಿಡ್ತೀವಿ. ಊಟ ನಿಂತ ಪೊರೆ ಒಣಗುತ್ತೆ, ರಕ್ತ ತಾನಾಗಿ ಕರಗುತ್ತೆ."

ಸುಬ್ಬಯ್ಯನ್ ಮುಖ ಅರಳಿತು. "ಹಂಗಾದ್ರೆ ಅದೇ ಮಾಡಿ."

"ಇರಿ ಅಯ್ಯಾ. ಕರಗೋಕೆ ವಾರಗಟ್ಟಲೆ ಬೇಕು, ಕೆಲವರಿಗೆ ತಿಂಗಳುಗಟ್ಟಲೆ. ಅಲ್ಲಿವರೆಗೂ ಮೆದುಳು ತಾಳ್ಕೊಬೇಕು. ಕೈಕಾಲು ದಿನದಿಂದ ದಿನಕ್ಕೆ ಸೋಲ್ತಾ ಇದ್ರೆ ಕಾಯೋಕೆ ಆಗಲ್ಲ. ಅದಕ್ಕೇ ಕೇಳ್ತಾ ಇದೀನಿ, ಎಡಗೈ ಹೇಗಿದೆ? ನಿದ್ದೆ ಜಾಸ್ತಿ ಆಗಿದೆಯಾ?"

"ಕೈಗೇನು, ಕಬ್ಬಿಣ. ನಿದ್ದೆ ಯಾವಾಗ್ಲೂ ಇದ್ದಷ್ಟೇ."

ಡಾಕ್ಟರ್ ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದರು. ಸುಬ್ಬಯ್ಯನ್ ಹಲ್ಲು ಕಚ್ಚಿ ಚಾಚಿದ. ಎಡಗೈ ಒಂದಿಷ್ಟು ಇಳಿಯಿತು, ಅಷ್ಟೇ. ಡಾಕ್ಟರ್ ಹುಬ್ಬು ಕೂಡಿಸಿದ್ದನ್ನು ಅವನು ಒಂದು ಕಣ್ಣು ತೆರೆದು ನೋಡಿಬಿಟ್ಟ.

"ಡಾಕ್ಟರಮ್ಮಾ, ನಿನ್ನೆವರೆಗೂ ಸೀರೆ ನೇಯ್ದಿದೀನಿ. ಇಂಚಿಗೆ ಐವತ್ತಾರು ಎಳೆ. ಎಡಗೈ ಏಟು ಒಂದಿಷ್ಟು ಸೋತ್ರೂ ಅಷ್ಟು ಕೂರಲ್ಲ. ಬೇಕಾದ್ರೆ ನನ್ನ ಹೆಂಡ್ತೀನೇ ಕೇಳಿ, ಹೊಟ್ಟೆಯಲ್ಲಿದ್ದಾಗ್ಲಿಂದ ಮಗ್ಗದ ಸದ್ದು ಕೇಳಿದವಳು."

ಡಾಕ್ಟರ್ ರುಕ್ಮಣಿಯ ಕಡೆ ತಿರುಗಿದರು. ಸುಬ್ಬಯ್ಯನ್ ಕೂಡ ತಿರುಗಿದ. ಆ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ಅವನು ತನ್ನ ಕೈಯನ್ನು ನಿಜವಾಗಿಯೂ ನಂಬಿದ್ದ. ದಿನವೂ ಮಧ್ಯಾಹ್ನ ಎದ್ದು ಸವರಿ ನೋಡಿ ನಂಬಿದ್ದ. ನಂಬಿಸಿದವಳು ತಾನು. ಹೌದು ಎಂದು ತಲೆ ಆಡಿಸಿದರೆ ಸಾಕು, ತಲೆಗೆ ಬೈರಿಗೆ ಬೀಳುವುದಿಲ್ಲ, ಆಣೆ ಉಳಿಯುತ್ತದೆ, ಗಂಡನ ಮಾನ ಉಳಿಯುತ್ತದೆ. ಗಂಡ ಉಳಿಯುತ್ತಾನೋ ಇಲ್ಲವೋ.

"ಆ ಸೀರೆ ಅವರು ನೇಯ್ದಿದ್ದಲ್ಲಂಗ," ಎಂದಳು. "ನಾನು ನೇಯ್ದಿದ್ದು."

ಹಳದಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಹದಿನೇಳು ಪೊಟ್ಟಣಗಳು ಉರುಳಿದವು. ಒಂದು ನೆಲಕ್ಕೆ ಬಿತ್ತು. ತಮಿಳ್‌ಸೆಲ್ವಿ ಎತ್ತಿಕೊಂಡು ಬಿಚ್ಚಿದಳು. ಅಮ್ಮನ ಪೊಟ್ಟಣ ನೋಡಿ ಅವಳು ನಗದೆ ಇದ್ದದ್ದು ಅದೇ ಮೊದಲು.

ರುಕ್ಮಣಿ ಎಲ್ಲ ಹೇಳಿದಳು. ಅಂಗೈಗೆ ತಾಗಿದ ಸಡಿಲು, ಬಿಚ್ಚಿದ್ದು, ನೇಯ್ದದ್ದು, ಅವನ ಎರಡು ಗಂಟೆಯ ನಿದ್ದೆ. ನಡುವೆ ಎರಡು ಸಲ ಅತ್ತಳು. ಡಾಕ್ಟರ್ ತೆನ್ಮೊಳಿ ಕೇಳುತ್ತಲೇ ಹಾಳೆಗಳ ಮೇಲಿನ ತಾರೀಕು ನೋಡಿ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದರು. ಮೊದಲನೆಯದು ಕಡಲೆಕಾಳಿನಷ್ಟು. ಹತ್ತನೆಯದು ಅಡಿಕೆಯಷ್ಟು. ಕೊನೆಯ ನಾಲ್ಕು ನಿಂಬೆಹಣ್ಣಿನಷ್ಟು ದಪ್ಪ.

"ನಾಲ್ಕು ದಿನದಲ್ಲಿ ಕೈಯ ಬಲ ಇಷ್ಟು ಬೇಗ ಇಳಿದಿದೆ," ಎಂದರು ಡಾಕ್ಟರ್. "ಕಾಯೋದು ಬೇಡ. ಇವತ್ತು ಸಂಜೆ ಇನ್ನೆರಡು ತೂತು ಕೊರೆದು ರಕ್ತ ತೆಗೀತೀನಿ. ಐದಾರು ದಿನ ಬಿಟ್ಟು ಆ ನಾಳವನ್ನೂ ಮುಚ್ಚೋಣ, ಮತ್ತೆ ತುಂಬೋ ಭಯ ಕಡಿಮೆ ಆಗುತ್ತೆ. ಈ ಸಾರಿ ಪೂರ್ತಿ ನಿದ್ದೆ ಬರಿಸ್ತೀವಿ ಅಯ್ಯಾ. ಸದ್ದು ಕೇಳಿಸಲ್ಲ."

ಅವನು ಬೈರಿಗೆಯ ಸದ್ದಿನ ಬಗ್ಗೆ ಡಾಕ್ಟರಿಗೆ ಯಾವತ್ತೂ ಹೇಳಿರಲಿಲ್ಲ. ಕಳೆದ ಸಲವೇ ಅವರಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಫೋನ್ ಮಾಡಲು ಅವರು ಹೊರಗೆ ಹೋದರು.

ಸುಬ್ಬಯ್ಯನ್ ಕೊನೆಯ ಪೊಟ್ಟಣವನ್ನು ಎತ್ತಿಕೊಂಡ. ಎಡಗೈಯಲ್ಲಿ ಹಿಡಿಯಲು ಹೋಗಿ, ಜಾರಿ, ಬಲಗೈಯಲ್ಲಿ ಹಿಡಿದ.

"ಇದೆಲ್ಲಾ ನಾನು ನೇಯ್ದಿದ್ದಾ?"

"ಹೌದುಂಗ."

"ಮಗ್ಗದ ಮೇಲೆ ಕೈ ಇಟ್ಟು ಹೇಳಿದ್ದೆ ನೀನು."

"ಹೇಳಿದ್ದೆ. ಮಗ್ಗ ನಂಗೇನ್ ಮಾಡಿದ್ರೂ ಮಾಡ್ಲಿ. ನೀವಿಲ್ದೆ ಅದು ನಂಗೆ ಬರೀ ಮರ."

ಅವನು ಗೋಡೆಯ ಕಡೆ ಮುಖ ತಿರುಗಿಸಿ ಕುಳಿತ. ಅವನನ್ನು ಗಾಲಿ ಮಂಚದಲ್ಲಿ ತಳ್ಳಿಕೊಂಡು ಹೋಗುವಾಗಲೂ ಮುಖ ಆ ಕಡೆಗೇ ಇತ್ತು. ಬಾಗಿಲು ಮುಚ್ಚಿದ ಮೇಲೆ ರುಕ್ಮಣಿ ಬೆಂಚಿನ ಮೇಲೆ ಕುಳಿತು ಖಾಲಿ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮೊದಲ ದಿನವೇ ಹೇಳಿದ್ದರೆ, ಆ ಅರ್ಧ ಇಂಚಿನ ದಿನವೇ ಹೇಳಿದ್ದರೆ, ತಲೆ ಮುಟ್ಟದ ದಾರಿಯೊಂದೇ ಸಾಕಾಗುತ್ತಿತ್ತೇನೋ. ಅದನ್ನು ಡಾಕ್ಟರ್ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತಮಿಳ್‌ಸೆಲ್ವಿ ಅಮ್ಮನ ಭುಜಕ್ಕೆ ತಲೆ ಆನಿಸಿ, "ನಂಗಾದ್ರೂ ಹೇಳ್ಬಾರ್ದಾ ಅಮ್ಮಾ" ಎಂದಳು.

ಮರುದಿನ ಬೆಳಿಗ್ಗೆ ಡಾಕ್ಟರ್ ಎಡಗೈ ಎತ್ತಿ ಎಂದರು. ಎತ್ತಿದ. ಬೆರಳು ಹಿಡಿಯಿರಿ ಎಂದರು. ಅವರು ಕೈ ಬಿಡಿಸಿಕೊಳ್ಳಬೇಕಾದಷ್ಟು ಗಟ್ಟಿಯಾಗಿ ಹಿಡಿದ. ರುಕ್ಮಣಿ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆದರೆ ಮಾತಿಲ್ಲ. ಎರಡು ದಿನ ಅವನು ಹೆಂಡತಿಗೆ ಹೇಳಬೇಕಾದದ್ದನ್ನೆಲ್ಲ ಮಗಳ ಮೂಲಕ ಹೇಳಿದ. ಹೆಂಡತಿ ಮೂರು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದಳು.

"ನಿಮ್ಮಮ್ಮ ಉಂಡ್ಲಾ ಕೇಳು."

"ಅಮ್ಮಾ, ಉಂಡ್ಯಾ?"

"ಉಂಡೇಂತ ಹೇಳು."

"ಸುಳ್ಳು ಹೇಳ್ಬೇಡಾಂತ ಹೇಳು. ಆ ಇಡ್ಲಿ ಪೊಟ್ಟಣ ಇನ್ನೂ ಕಟ್ಟಿದ ಹಂಗೇ ಇದೆ."

ಪಕ್ಕದ ಮಂಚದವರು ನಕ್ಕರು. ಮೂರನೆಯ ದಿನ ತಮಿಳ್‌ಸೆಲ್ವಿ ಕೆಲಸಕ್ಕೆ ಹೊರಟುಹೋದದ್ದರಿಂದ ಮಾತಾಡದೆ ಗತಿಯಿರಲಿಲ್ಲ. "ನೀರು" ಎಂದ. ಕೊಟ್ಟಳು. ಆರನೆಯ ದಿನ ನಾಳ ಮುಚ್ಚಲು ಒಯ್ದರು. ಒಂದೂವರೆ ಗಂಟೆಯಲ್ಲಿ ಮರಳಿ ಬಂದ. ತಲೆಯಲ್ಲಿ ಹೊಸ ಗಾಯವಿಲ್ಲ, ತೊಡೆಯ ಸಂದಿನಲ್ಲಿ ಒಂದು ಸಣ್ಣ ಪಟ್ಟಿ. "ಇಷ್ಟೇನಾ?" ಎಂದ, ಮೋಸ ಹೋದವನ ಹಾಗೆ. ರಾತ್ರಿಯವರೆಗೂ ಕಾಲು ಮಡಚಬಾರದು ಎಂದಿದ್ದರು. ರುಕ್ಮಣಿ ಆ ಕಾಲಿನ ಮೇಲೆ ಕೈ ಇಟ್ಟುಕೊಂಡು ಕುಳಿತಳು. ಅವನು ತೆಗೆಯೆನ್ನಲಿಲ್ಲ. ಆದರೆ ನೇಯ್ಗೆಯ ಮಾತು, ಪೊಟ್ಟಣದ ಮಾತು, ಆಣೆಯ ಮಾತು ಇಬ್ಬರ ನಡುವೆ ಬರಲೇ ಇಲ್ಲ. ಊರಿಗೆ ಬಂದ ಮೇಲೂ ಬರಲಿಲ್ಲ.

ಎರಡು ತಿಂಗಳ ಮೇಲೆ, ವೈಕಾಸಿಯ ಕೊನೆಯಲ್ಲಿ, ಇನ್ನೊಂದು ಸ್ಕ್ಯಾನ್ ಆಯಿತು. ಹೊಸದಾಗಿ ತುಂಬಿರಲಿಲ್ಲ. ದಿನಕ್ಕೆ ಒಂದು ಗಂಟೆ ಮಗ್ಗಕ್ಕೆ ಕೂರಬಹುದು ಎಂದರು ಡಾಕ್ಟರ್. ತಮಿಳ್‌ಸೆಲ್ವಿ ಆ ಭಾನುವಾರ ಕಂಪನಿಯ ಬನಿಯನ್ ಚಿಂದಿ ಒಂದು ಮೂಟೆ ತಂದು ಜಕಾರ್ಡಿನ ಅಡ್ಡಮರಕ್ಕೆ ದಪ್ಪವಾಗಿ ಸುತ್ತಿ ಕಟ್ಟಿದಳು. ಮಗ್ಗಕ್ಕೆ ಮದುವೆ ಪೇಟ ಸುತ್ತಿದ ಹಾಗಿತ್ತು.

ಮಗ್ಗದ ಮೇಲೆ ಅದೇ ಸೀರೆ ಅರ್ಧಕ್ಕೆ ನಿಂತಿತ್ತು. ರುಕ್ಮಣಿ ಅದನ್ನು ಮುಟ್ಟಿರಲಿಲ್ಲ. ಸುಬ್ಬಯ್ಯನ್ ನಿಧಾನವಾಗಿ ಗುಳಿಗಿಳಿದು ಕುಳಿತ, ತಲೆಯ ನಾಲ್ಕು ಕುಳಿಗಳ ಮೇಲೆ ಟವೆಲ್ ಸುತ್ತಿಕೊಂಡು. ಲಾಳಿ ಓಡಿತು. ಅವಳು ಒಲೆಯ ಮುಂದೆ ಕುಳಿತು, ಕಿವಿಯನ್ನೆಲ್ಲ ಆ ಏಟಿನ ಮೇಲೆ ಇಟ್ಟಳು. ಎರಡು ಬೆರಳಷ್ಟು ನೇಯ್ದಾಗ ಸದ್ದು ನಿಂತಿತು.

"ರುಕ್ಕು, ಗ್ಲಾಸ್ ತಗೊಂಡ್ ಬಾ."

ತಂದಳು. ಅವನು ತೆಗೆದುಕೊಳ್ಳಲಿಲ್ಲ. "ನೀನೇ ಎಣಿಸು" ಎಂದ.

ಬಾಗಿ ಗಾಜಿಟ್ಟು, ಸೂಜಿಯ ತುದಿಯಿಂದ ಒಂದೊಂದೇ ಎಳೆ ಎಣಿಸಿದಳು. ಒಂದು ಸಲ ಎಣಿಸಿ, ಮತ್ತೊಂದು ಸಲ ಎಣಿಸಿದಳು. ಬೇಡವೆಂದರೂ ಐವತ್ತಾರು ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಎರಡು ಆಪರೇಷನ್ ಆಗಿ ಬಂದ ಜೀವ, ಮೊದಲ ದಿನ, ಒಂದು ಮಾತಿನಲ್ಲಿ ಸಂತೋಷಪಡಿಸಿದರೆ ಯಾರ ಗಂಟು ಹೋಗುತ್ತದೆ. ತಲೆ ಎತ್ತಿದಳು. ಅವನು ಬಟ್ಟೆಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದ.

"ಐವತ್ಮೂರು," ಎಂದಳು. "ಮೂರು ಕಮ್ಮಿ."

ಅವನ ಮುಖದ ಬಿಗಿ ಸಡಿಲವಾಯಿತು. "ಶೆರಿ," ಎಂದ. ಅವಳು ಅಟ್ಟೆ ತಿರುಗಿಸಲು ಕೈ ಹಾಕಿದಳು. ಅವನು ಆ ಕೈ ಹಿಡಿದು ಪಕ್ಕಕ್ಕಿಟ್ಟ. ತಾನೇ ಅಟ್ಟೆ ತಿರುಗಿಸಿದ. ತಾನೇ ಬಿಚ್ಚಿದ, ಬಿಚ್ಚಿದ ನೂಲನ್ನು ಎಡಗೈಯ ಬೆರಳುಗಳಿಂದಲೇ ಸುತ್ತಿದ. ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು.

"ಇವತ್ತಿನ ಹಾಳೆ ಕಿತ್ಕೊಂಡ್ ಬಾ."

ಅವಳು ಗೋಡೆಯ ಕ್ಯಾಲೆಂಡರಿನಿಂದ ಹಾಳೆ ಕಿತ್ತು ತಂದಳು. ಅವನು ಸೊಟ್ಟಸೊಟ್ಟಗೆ ಮಡಚಿ ಪೊಟ್ಟಣ ಕಟ್ಟಿ ಅವಳ ಅಂಗೈಯಲ್ಲಿಟ್ಟ.

"ಇದನ್ನೂ ನಿನ್ನ ಚೀಲದಲ್ಲಿ ಇಡು. ಇನ್ಮೇಲೆ ಪೊಟ್ಟಣ ಕಟ್ಟೋನು ನಾನು, ಎಣಿಸಿ ಹೇಳೋಳು ನೀನು."

"ಕಮ್ಮಿ ಇದ್ರೆ ಕಮ್ಮೀಂತಲೇ ಹೇಳ್ತೀನಿ."

"ಅದಕ್ಕೇ ನಿನ್ನ ಹತ್ರ ಕೇಳೋದು."

ರುಕ್ಮಣಿ ಒಲೆಯ ಕಡೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಅನ್ನ ಸೀಯುವ ವಾಸನೆ ಬಂದ ಮೇಲೆ ಪಾತ್ರೆ ಇಳಿಸಿದಳು.

ಅಂದಿನಿಂದ ದಿನಕ್ಕೊಂದು ಪೊಟ್ಟಣ. ಮೊದಲ ವಾರ ನಿಂಬೆಹಣ್ಣಿನಷ್ಟು, ಆಮೇಲೆ ಅಡಿಕೆಯಷ್ಟು, ತಿಂಗಳು ಕಳೆದು ಆಡಿ ಹುಟ್ಟುವ ಹೊತ್ತಿಗೆ ಕಡಲೆಕಾಳಿನಷ್ಟು. ಆಡಿ ತಿಂಗಳ ಒಂಬತ್ತನೆಯ ದಿನ ಅವಳು ಎಣಿಸಿ ಐವತ್ತಾರು ಎಂದಳು. ಅವನು ನಂಬದೆ ತಾನೂ ಎಣಿಸಿದ. ಬಿಚ್ಚುವುದಕ್ಕೆ ನೂಲಿರಲಿಲ್ಲ. ಆದರೂ ಅವನು ಗುಳಿಯಿಂದೆದ್ದು, ಅಡ್ಡಮರವನ್ನು ತಪ್ಪಿಸಿಕೊಂಡು ಗೋಡೆಯ ಹತ್ತಿರ ಹೋಗಿ, ಅವತ್ತಿನ ಹಾಳೆ ಕಿತ್ತು, ಖಾಲಿ ಹಾಳೆಯನ್ನೇ ನಾಲ್ಕು ಮಡಿಕೆ ಮಡಚಿ ಅವಳ ಕೈಗೆ ಕೊಟ್ಟ. ರುಕ್ಮಣಿ ಅದನ್ನೂ ಬಿಸಾಡಲಿಲ್ಲ.